ಹೊಲದ ಅಂಚು ಯಾರಿಗೆ ಸೇರಿದ್ದು?



ಸರ್ಕಾರ ಒಬ್ಬ ರೈತನಿಗೆ ಹಣ ಕೊಡುತ್ತದೆ. ಆ ಹಣ ಭಿಕ್ಷೆಯೇ, ಕೂಲಿಯೇ, ಹಕ್ಕೇ? ಭಿಕ್ಷೆಯಾದರೆ ಪಡೆಯುವವನು ತಲೆ ತಗ್ಗಿಸಬೇಕಾಗುತ್ತದೆ. ಕೂಲಿಯಾದರೆ ಯಾವ ಕೆಲಸಕ್ಕೆ ಎಂದು ಕೇಳಬೇಕಾಗುತ್ತದೆ. ಹಕ್ಕು ಎಂದಾದರೆ, ಅದೇ ಹೊಲದಲ್ಲಿ ಬೆವರು ಸುರಿಸುವ ಮತ್ತೊಬ್ಬನಿಗೆ ಆ ಹಕ್ಕು ಏಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ.

ಈ ವಾರ ಈ ಪ್ರಶ್ನೆಯನ್ನು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ. ಅದಕ್ಕಾಗಿ ನಿಮ್ಮನ್ನು ಸ್ವಲ್ಪ ದೂರ, ಅಮೆರಿಕದ ಹಳ್ಳಿಗಾಡಿಗೆ ಕರೆದೊಯ್ಯುತ್ತೇನೆ. ನಮ್ಮ ಊರಿನ ಉದಾಹರಣೆ ಕೊಟ್ಟರೆ 'ಫಾದರ್ ಯಾರನ್ನು ಕುರಿತು ಬರೆದಿದ್ದಾರೆ?' ಎಂದು ಹುಡುಕುವುದರಲ್ಲೇ ಅರ್ಧ ಗಮನ ಹೋಗಿಬಿಡುತ್ತದೆ. ಅಲ್ಲದೆ ರೈತರಿಗೆ ಸಹಾಯಧನ ಕೊಡುವುದರಲ್ಲಿ ಆ ದೇಶಕ್ಕೆ ತೊಂಬತ್ತು ವರ್ಷಗಳಿಗೂ ಮೀರಿದ ಅನುಭವವಿದೆ. ಅಷ್ಟು ವರ್ಷಗಳಲ್ಲಿ ಆದ ಒಳಿತೂ ಕೆಡುಕೂ ನಮ್ಮ ಕಣ್ಣ ಮುಂದಿವೆ.

ಮಣ್ಣುಪಾಲಾದ ಹತ್ತಿ

1929ರಲ್ಲಿ ಅಮೆರಿಕದ ಹತ್ತಿ ಬೆಳೆಗಾರನಿಗೆ ಒಂದು ಪೌಂಡ್ ಹತ್ತಿಗೆ ಸುಮಾರು 17 ಸೆಂಟ್ ಸಿಗುತ್ತಿತ್ತು. ಮಹಾ ಆರ್ಥಿಕ ಕುಸಿತ ಬಂದು 1932ರ ಹೊತ್ತಿಗೆ ಅದು 6 ಸೆಂಟಿನ ಆಸುಪಾಸಿಗೆ ಇಳಿಯಿತು. ಆಗ ಆ ದೇಶದ ಜನಸಂಖ್ಯೆಯ ಕಾಲು ಭಾಗದಷ್ಟು ಜನ ಬೇಸಾಯದ ಮನೆಗಳಲ್ಲೇ ವಾಸಿಸುತ್ತಿದ್ದರು. ಬೆಳೆ ಹೆಚ್ಚಿದಷ್ಟೂ ಬೆಲೆ ಬಿತ್ತು. ಬೆಲೆ ಬಿದ್ದಷ್ಟೂ ರೈತ ಸಾಲ ತೀರಿಸಲು ಇನ್ನಷ್ಟು ಬೆಳೆದ. ಇದರಿಂದ ಬೆಲೆ ಮತ್ತೂ ಬಿತ್ತು.

ಈ ಸುಳಿಯಿಂದ ರೈತರನ್ನು ಮೇಲೆತ್ತಲು ಅಧ್ಯಕ್ಷ ರೂಸ್‌ವೆಲ್ಟ್ ಅವರ ಸರ್ಕಾರ 1933ರಲ್ಲಿ ಕೃಷಿ ಹೊಂದಾಣಿಕೆ ಕಾಯಿದೆಯನ್ನು ತಂದಿತು. ಬೆಳೆ ಕಡಿಮೆ ಮಾಡಿದ ರೈತನಿಗೆ ಸರ್ಕಾರ ಹಣ ಕೊಡುವುದು ಇದರ ತಿರುಳು. ಕಾಯಿದೆ ಬರುವ ಹೊತ್ತಿಗೆ ಹತ್ತಿ ಬಿತ್ತನೆ ಆಗಿಹೋಗಿತ್ತು. ಆದ್ದರಿಂದ ಬೆಳೆದು ನಿಂತ ಹತ್ತಿಯನ್ನೇ ಉತ್ತು ಮಣ್ಣಿಗೆ ಸೇರಿಸಬೇಕಾಯಿತು. ಸುಮಾರು ಒಂದು ಕೋಟಿ ಎಕರೆ ಹತ್ತಿ ಹೀಗೆ ಮಣ್ಣುಪಾಲಾಯಿತು. ಎಕರೆಗೆ 7ರಿಂದ 20 ಡಾಲರ್ ಪರಿಹಾರ ದೊರೆಯಿತು. ಅದೇ ವರ್ಷ ಸುಮಾರು 60 ಲಕ್ಷ ಹಂದಿಮರಿಗಳನ್ನು ಕೊಲ್ಲಿಸಲಾಯಿತು. ಸಾಲುಗಳ ನಡುವೆ ಮಾತ್ರ ನಡೆದು ಪಳಗಿದ್ದ ಹೇಸರಗತ್ತೆಗಳು ಹತ್ತಿಗಿಡವನ್ನು ತುಳಿಯಲು ಒಪ್ಪದೆ ನಿಂತುಬಿಟ್ಟವು ಎಂಬ ಮಾತು ಆಗ ಊರೂರಿಗೆ ಹರಡಿತ್ತು. ಮನುಷ್ಯನಿಗಿಂತ ಪ್ರಾಣಿಗೇ ಹೆಚ್ಚು ವಿವೇಕವಿದೆ ಎಂದು ಜನ ಆಡಿಕೊಂಡರು. ಪಟ್ಟಣಗಳಲ್ಲಿ ನಿರುದ್ಯೋಗಿಗಳು ಒಂದು ಬಟ್ಟಲು ಗಂಜಿಗಾಗಿ ಸಾಲುಗಟ್ಟಿ ನಿಂತಿದ್ದ ಕಾಲ ಅದು.

ಆದರೂ ಆ ಅಧಿಕಾರಿಗಳನ್ನು ಆತುರದಲ್ಲಿ ಖಂಡಿಸುವುದು ಬೇಡ. ಮುಳುಗುತ್ತಿರುವವನನ್ನು ಎಳೆಯುವಾಗ ತಲೆಗೂದಲನ್ನಾದರೂ ಹಿಡಿಯಬೇಕಾಗುತ್ತದೆ. ಹತ್ತಿಯ ಬೆಲೆ ಸ್ವಲ್ಪ ಏರಿತು. ಅನೇಕ ಮನೆಗಳು ಹರಾಜಿನಿಂದ ಪಾರಾದವು. ನಮ್ಮ ಪ್ರಶ್ನೆ ಹುಟ್ಟುವುದು ಆ ಹಣ ಯಾರ ಕೈಗೆ ಹೋಯಿತು ಎಂಬಲ್ಲಿ.

ಅರ್ಧ ಸೆಂಟಿನ ಪಾಲು

ಅಮೆರಿಕದಲ್ಲಿ ಕೌಂಟಿ ಎಂದರೆ ನಮ್ಮ ತಾಲ್ಲೂಕಿಗೂ ಜಿಲ್ಲೆಗೂ ನಡುವಿನ ಒಂದು ಆಡಳಿತ ವಿಭಾಗ ಎಂದುಕೊಳ್ಳಿ. ಆ ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಿವೆ. ಅರ್ಕಾನ್ಸಾ ರಾಜ್ಯದ ಪಾಯಿನ್ಸೆಟ್ ಕೌಂಟಿ ಅವುಗಳಲ್ಲಿ ಒಂದು. ಮಿಸಿಸಿಪ್ಪಿ ನದಿ ಸಾವಿರಾರು ವರ್ಷ ಹರಡಿದ ಮೆಕ್ಕಲು ಮಣ್ಣಿನ ಸೀಮೆ ಅದು. 1930ರ ದಶಕದಲ್ಲಿ ಅಲ್ಲಿ ದೊಡ್ಡ ಹತ್ತಿ ಎಸ್ಟೇಟುಗಳಿದ್ದವು. ಅವುಗಳನ್ನು ಉಳುತ್ತಿದ್ದವರು ಪಾಲಿನ ರೈತರು. ಭೂಮಿ, ಹೇಸರಗತ್ತೆ, ಬೀಜ, ಒಂದು ಗುಡಿಸಲು ಧಣಿಯದು. ದುಡಿಮೆ ರೈತನದು ಮತ್ತು ಅವನ ಹೆಂಡತಿ ಮಕ್ಕಳದು. ಬೆಳೆಯಲ್ಲಿ ಅರ್ಧ ಪಾಲು. ಆ ಅರ್ಧದಲ್ಲೂ ಧಣಿಯ ಅಂಗಡಿಯ ಸಾಲ ಮುರಿದುಕೊಂಡ ಮೇಲೆ ಉಳಿಯುವುದು ಎಷ್ಟೋ ವರ್ಷ ಸೊನ್ನೆ. ನಮ್ಮಲ್ಲಿ 'ವಾರಕ್ಕೆ' ಅಥವಾ 'ಕೋರಿಗೆ' ಮಾಡಿದವರ ಮನೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರ್ಕಾರದ ಚೆಕ್ಕು ಭೂಮಿಯ ಒಡೆಯನ ಹೆಸರಿಗೆ ಬಂತು. 1934ರ ಒಪ್ಪಂದದ ಪ್ರಕಾರ ಪೌಂಡಿಗೆ ನಾಲ್ಕೂವರೆ ಸೆಂಟಿನ ಲೆಕ್ಕ. ಅದರಲ್ಲಿ ನಾಲ್ಕು ಸೆಂಟ್ ಒಡೆಯನಿಗೆ, ಅರ್ಧ ಸೆಂಟ್ ಪಾಲಿನ ರೈತನಿಗೆ. ಆ ಅರ್ಧ ಸೆಂಟೂ ಬರುತ್ತಿದ್ದುದು ಒಡೆಯನ ಕೈ ದಾಟಿಯೇ. 'ದೇವರು ಕೊಟ್ಟರೂ ಪೂಜಾರಿ ಕೊಡ' ಎಂಬ ನಮ್ಮ ಗಾದೆ ಅರ್ಕಾನ್ಸಾದ ಹತ್ತಿಹೊಲದಲ್ಲೂ ನಿಜವಾಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಮುಂದಿತ್ತು. ಬೆಳೆಯುವ ಎಕರೆ ಕಡಿಮೆಯಾದರೆ ದುಡಿಯುವ ಕೈಗಳೂ ಕಡಿಮೆ ಸಾಕು. ಪಾಲಿನ ರೈತರ ಸಂಖ್ಯೆಯನ್ನು ಸಾಧ್ಯವಾದ ಮಟ್ಟಿಗೆ ಹಿಂದಿನಂತೆಯೇ ಉಳಿಸಿಕೊಳ್ಳಬೇಕು ಎಂದು ಒಪ್ಪಂದದಲ್ಲಿ ಬರೆದಿತ್ತು. 'ಸಾಧ್ಯವಾದ ಮಟ್ಟಿಗೆ' ಎಂಬ ಆ ಮಾತಿನ ಸಂದಿಯಲ್ಲಿ ಸಾವಿರಾರು ಸಂಸಾರಗಳು ಬೀದಿಗೆ ಬಿದ್ದವು. ರೈತನನ್ನು ಉಳಿಸಲು ಬಂದ ಹಣವೇ ರೈತನನ್ನು ಹೊಲದಿಂದ ಹೊರಗೆ ಹಾಕಿತು.

1934ರ ಜುಲೈ ತಿಂಗಳಲ್ಲಿ ಪಾಯಿನ್ಸೆಟ್ ಕೌಂಟಿಯ ಟೈರೋಂಜಾ ಎಂಬ ಪುಟ್ಟ ಊರಿನ ಬಳಿ ಹನ್ನೊಂದು ಜನ ಬಿಳಿಯರೂ ಏಳು ಜನ ಕರಿಯರೂ ಒಂದು ಶಾಲೆಯ ಕಟ್ಟಡದಲ್ಲಿ ಸೇರಿ, ದಕ್ಷಿಣದ ಗೇಣಿ ರೈತರ ಸಂಘವನ್ನು ಕಟ್ಟಿದರು. ಬಿಳಿಯರೂ ಕರಿಯರೂ ಒಂದೇ ಬೆಂಚಿನ ಮೇಲೆ ಕೂರುವುದೇ ಅಪರಾಧವೆಂದು ತಿಳಿಯುತ್ತಿದ್ದ ಸೀಮೆ ಅದು. ಹಸಿವಿಗೆ ಮಾತ್ರ ಬಣ್ಣದ ಭೇದ ಗೊತ್ತಿರಲಿಲ್ಲ. ಸಂಘದ ಸಭೆಗಳನ್ನು ಚದುರಿಸಿದರು, ಸದಸ್ಯರನ್ನು ಹೊಡೆದರು, ಕಚೇರಿಯನ್ನು ನದಿಯಾಚೆಯ ಮೆಂಫಿಸ್ ನಗರಕ್ಕೆ ಒಯ್ಯಬೇಕಾಯಿತು. ವಾಷಿಂಗ್ಟನ್ನಿನ ಕೃಷಿ ಇಲಾಖೆಯಲ್ಲಿ ಕೆಲವು ವಕೀಲರು ಇವರ ಪರವಾಗಿ ನಿಂತು, ಒಡೆಯನು ಅದೇ ರೈತರನ್ನೇ ಉಳಿಸಿಕೊಳ್ಳಬೇಕು ಎಂದು ಒಪ್ಪಂದಕ್ಕೆ ಅರ್ಥ ಹೇಳಿದರು. 1935ರ ಫೆಬ್ರವರಿಯಲ್ಲಿ ಅವರು ಕೆಲಸ ಕಳೆದುಕೊಂಡರು. ಮುಂದೆ ಪಾಲಿನ ರೈತನಿಗೆ ಹೆಚ್ಚಿನ ಭಾಗ ಕೊಡಬೇಕೆಂದು ನಿಯಮ ಬದಲಾಯಿಸಿದಾಗ, ಅನೇಕ ಧಣಿಗಳು ಪಾಲಿನ ರೈತರನ್ನೇ ತೆಗೆದುಹಾಕಿ ದಿನಗೂಲಿಗಳನ್ನು ಇಟ್ಟುಕೊಂಡರು. 1939ರ ಜನವರಿಯ ಚಳಿಯಲ್ಲಿ ಪಕ್ಕದ ಮಿಸೌರಿ ರಾಜ್ಯದ ಹೆದ್ದಾರಿಯ ಬದಿಯಲ್ಲಿ ಸಾವಿರಕ್ಕೂ ಹೆಚ್ಚು ಜನ ಪಾತ್ರೆ ಪಗಡಗಳೊಂದಿಗೆ ಬೀಡುಬಿಟ್ಟರು, ತಮ್ಮ ಪಾಡನ್ನು ದೇಶ ನೋಡಲಿ ಎಂದು.

ಸಹಾಯ ಪಡೆಯುವುದು ತಪ್ಪೇ?

ಇಷ್ಟನ್ನು ಓದಿ ಕೆಲವರು, 'ಹಾಗಾದರೆ ಸಹಾಯಧನವೇ ಬೇಡ, ದುಡಿದವನು ಉಣ್ಣಲಿ' ಎನ್ನಬಹುದು. ಈ ಮಾತು ನ್ಯಾಯದಂತೆ ಕೇಳಿಸಿದರೂ ನ್ಯಾಯವಲ್ಲ.

ಬೇಸಾಯ ಬೇರೆ ಕಸುಬುಗಳಂತಲ್ಲ. ಬಟ್ಟೆಯಂಗಡಿಯವನು ಮಳೆ ಬಾರದಿದ್ದರೂ ಬಾಗಿಲು ತೆರೆಯಬಲ್ಲ. ರೈತನ ಬಂಡವಾಳ ಆರು ತಿಂಗಳು ಮಣ್ಣಿನಲ್ಲಿ ಹೂತಿರುತ್ತದೆ. ಎಲ್ಲರ ಬೆಳೆಯೂ ಒಟ್ಟಿಗೆ ಬರುತ್ತದೆ, ಆಗ ಬೆಲೆ ಬೀಳುತ್ತದೆ. ಜೊತೆಗೆ ಅನ್ನ ಎಲ್ಲರಿಗೂ ಬೇಕಾದ್ದರಿಂದ ಅದು ಅಗ್ಗವಾಗಿರಲಿ ಎಂದು ಸಮಾಜ ಬಯಸುತ್ತದೆ. ಜಗದ್ಗುರು ಇಪ್ಪತ್ತಮೂರನೆಯ ಜಾನ್ 1961ರಲ್ಲಿ ಬರೆದ 'ಮಾತೆರ್ ಎತ್ ಮಜಿಸ್ತ್ರಾ' ವಿಶ್ವಪತ್ರದಲ್ಲಿ ಬೇಸಾಯಕ್ಕಾಗಿಯೇ ದೀರ್ಘವಾದ ಭಾಗವೊಂದಿದೆ. ಆಹಾರದ ಬೆಲೆ ಎಲ್ಲರಿಗೂ ಎಟಕುವಂತಿರಬೇಕು ನಿಜ, ಆದರೆ ಅದನ್ನೇ ನೆಪ ಮಾಡಿ ರೈತರನ್ನು ಎಂದೆಂದಿಗೂ ಬಡತನದಲ್ಲಿ ಇಡುವುದು ಅನ್ಯಾಯ ಎಂಬುದು ಅಲ್ಲಿನ ಬೋಧನೆ. ಹೀಗೆ ಬರೆದ ಜಗದ್ಗುರುಗಳು ಇಟಲಿಯ ಸೊತ್ತೊ ಇಲ್ ಮೊಂತೆ ಎಂಬ ಹಳ್ಳಿಯಲ್ಲಿ ಪಾಲಿಗೆ ಉಳುತ್ತಿದ್ದ ರೈತನ ಮಗ ಎಂಬುದನ್ನು ನಾವು ನೆನೆಯಬೇಕು.

ಸೆಮಿನರಿಯಲ್ಲಿ ಲ್ಯಾಟಿನ್ ಕಲಿತವರಿಗೆ ಇನ್ನೊಂದು ವಿಷಯ ಹೊಳೆಯುತ್ತದೆ. 'ಸಬ್ಸಿಡಿ' ಎಂಬ ಮಾತಿನ ಮೂಲ 'ಸುಬ್ಸಿದಿಯುಂ'. ರೋಮನ್ ಸೈನ್ಯದಲ್ಲಿ ಮುಂದಿನ ಸಾಲಿನ ಸೈನಿಕರಿಗೆ ಆಸರೆಯಾಗಿ ಹಿಂದೆ ಕಾದಿರುತ್ತಿದ್ದ ಪಡೆಗೆ ಆ ಹೆಸರಿತ್ತು. ಮುಂದಿನವನು ದಣಿದಾಗ ಅವನು ಬೀಳದಂತೆ ಒತ್ತಾಸೆ ಕೊಡುವುದು ಆ ಪಡೆಯ ಕೆಲಸ. ಧರ್ಮಸಭೆಯ ಸಾಮಾಜಿಕ ಬೋಧನೆಯ 'ಸಬ್ಸಿಡಿಯಾರಿಟಿ' ಎಂಬ ತತ್ವವೂ ಇದೇ ಬೇರಿನಿಂದ ಚಿಗುರಿದ್ದು. ಕುಟುಂಬ, ಹಳ್ಳಿ, ಸಂಘಗಳು ತಾವೇ ಮಾಡಬಲ್ಲ ಕೆಲಸವನ್ನು ಸರ್ಕಾರ ಕಸಿದುಕೊಳ್ಳಬಾರದು; ಅವು ಸೋಲುವಾಗ ಕೈಕಟ್ಟಿ ನೋಡುತ್ತಲೂ ನಿಲ್ಲಬಾರದು. ಜಗದ್ಗುರು ಹನ್ನೊಂದನೆಯ ಪಯಸ್ 1931ರಲ್ಲಿ ಈ ತತ್ವವನ್ನು ಸ್ಪಷ್ಟವಾಗಿ ವಿವರಿಸಿದರು.

ಆದ್ದರಿಂದ ನಿಮ್ಮಲ್ಲಿ ಯಾರಾದರೂ ಸರ್ಕಾರದ ಕೃಷಿ ಸಹಾಯವನ್ನು ನಿಯಮದಂತೆ ಪಡೆಯುತ್ತಿದ್ದರೆ ಅದಕ್ಕಾಗಿ ನಾಚಬೇಕಾಗಿಲ್ಲ. ಸುಳ್ಳು ಹೇಳಿ ಪಡೆಯುವುದು ಕಳ್ಳತನ, ಅದರಲ್ಲಿ ಎರಡು ಮಾತಿಲ್ಲ. ನಿಜ ಹೇಳಿ ಪಡೆಯುವುದು ತಪ್ಪಲ್ಲ. ಆದರೆ ಪಡೆದ ಮೇಲೆ ನನ್ನ ಹಿಂದೆ ಯಾರು ನಿಂತಿದ್ದಾರೆ ಎಂದು ತಿರುಗಿ ನೋಡುವ ಕರ್ತವ್ಯ ಉಳಿದೇ ಇರುತ್ತದೆ.

ಯಾವ ಅಳತೆಗೋಲು?

ಸಂತ ಥಾಮಸ್ ಅಕ್ವಿನಾಸರು ಅರಿಸ್ಟಾಟಲನನ್ನು ಅನುಸರಿಸಿ ನ್ಯಾಯವನ್ನು ವಿಂಗಡಿಸುತ್ತಾರೆ. ನೀವು ಒಂದು ಸೇರು ಅಕ್ಕಿ ಕೊಂಡರೆ ಅದಕ್ಕೆ ತಕ್ಕ ಬೆಲೆ ಕೊಡಬೇಕು. ಇದು ವಿನಿಮಯದ ನ್ಯಾಯ. ಇಲ್ಲಿ ಕೊಳ್ಳುವವನು ಸಾಹುಕಾರನೋ ಬಡವನೋ ಎಂಬುದು ಮುಖ್ಯವಲ್ಲ. ಸಮುದಾಯದ ಒಟ್ಟು ಸಂಪತ್ತನ್ನು ಅದರ ಸದಸ್ಯರಿಗೆ ಹಂಚುವುದು ಹಂಚಿಕೆಯ ನ್ಯಾಯ. ಇಲ್ಲಿ ಮನುಷ್ಯ ಯಾರು, ಅವನ ಸ್ಥಿತಿ ಏನು ಎಂಬುದನ್ನು ನೋಡಲೇಬೇಕು. ತಾಯಿ ಊಟ ಬಡಿಸುವಾಗ ಎಲ್ಲರಿಗೂ ಒಂದೇ ಸೌಟಿನಿಂದ ಬಡಿಸಿದರೂ ಕಾಯಿಲೆ ಮಗುವಿಗೆ ಬೇರೆ, ಉತ್ತು ಬಂದ ಮಗನಿಗೆ ಬೇರೆ ಅಳತೆ. ಸಹಾಯಧನ ಸಾರ್ವಜನಿಕ ಖಜಾನೆಯ ಹಣವಾದ್ದರಿಂದ ಅದು ಹಂಚಿಕೆಯ ನ್ಯಾಯಕ್ಕೆ ಸೇರಿದ್ದು. ಇಲ್ಲಿ ಇಡೀ ಪ್ರಶ್ನೆ ಅಳತೆಗೋಲಿನದು.

ಅಮೆರಿಕದಲ್ಲಿ ಬಹುಕಾಲ ಆ ಅಳತೆಗೋಲು ಎಕರೆ ಅಥವಾ ಇಳುವರಿ. 1996ರ ಕೃಷಿ ಕಾಯಿದೆಯಲ್ಲಿ ಹಿಂದಿನ ವರ್ಷಗಳ ಬೆಳೆಯ ಲೆಕ್ಕ ಹಿಡಿದು ಹಣ ಕೊಡುವ ಪದ್ಧತಿ ಬಂತು. ಈಗ ಏನು ಬೆಳೆಯುತ್ತೀರಿ, ಏನಾದರೂ ಬೆಳೆಯುತ್ತೀರಾ ಎಂಬುದು ಮುಖ್ಯವಾಗಲಿಲ್ಲ. 2000ದಿಂದೀಚೆಗೆ ಬೇಸಾಯವನ್ನೇ ಮಾಡದವರಿಗೆ ಕನಿಷ್ಠ 130 ಕೋಟಿ ಡಾಲರ್ ಸಂದಾಯವಾಗಿದೆ ಎಂದು ವಾಷಿಂಗ್ಟನ್ ಪೋಸ್ಟ್ ಪತ್ರಿಕೆ 2006ರಲ್ಲಿ ಬರೆಯಿತು. ಆ ನೇರ ಪಾವತಿಗಳು 2014ರ ಕಾಯಿದೆಯಿಂದ ನಿಂತವು. ಬೇರೆ ರೂಪಗಳಲ್ಲಿ ಸಹಾಯ ಮುಂದುವರಿಯಿತು. ಚೀನಾದೊಡನೆ ವಾಣಿಜ್ಯ ಸಮರ ನಡೆದು ಸೋಯಾ ಬೆಲೆ ಕುಸಿದಾಗ, 2019ರಲ್ಲಿ ಕೌಂಟಿಗೊಂದು ದರ ಗೊತ್ತುಮಾಡಿ ಎಕರೆಗೆ 15ರಿಂದ 150 ಡಾಲರ್‌ವರೆಗೆ ಕೊಟ್ಟರು. ಹೊಲ ಯಾವ ಕೌಂಟಿಯ ಗೆರೆಯೊಳಗಿದೆ ಎಂಬುದರ ಮೇಲೆ ಎಕರೆಯ ದರ ನಿಂತಿತು. 2020ರಲ್ಲಿ ಕೋವಿಡ್ ಪರಿಹಾರವೂ ಸೇರಿ ಸರ್ಕಾರದ ನೇರ ಪಾವತಿ ಸುಮಾರು 4,600 ಕೋಟಿ ಡಾಲರಿಗೆ ಮುಟ್ಟಿತು.

ಎನ್ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್ ಎಂಬ ಸಂಸ್ಥೆ 2001ರಲ್ಲಿ ಸರ್ಕಾರಿ ದಾಖಲೆಗಳನ್ನು ತೆಗೆಸಿ, ಯಾವ ಕೌಂಟಿಯಲ್ಲಿ ಯಾರಿಗೆ ಎಷ್ಟು ಹಣ ಬಂತೆಂಬ ಪಟ್ಟಿಯನ್ನು ಎಲ್ಲರೂ ನೋಡುವಂತೆ ಪ್ರಕಟಿಸಿತು. ಹಳ್ಳಿಯೊಂದರಲ್ಲಿ ಇಂಥ ಪಟ್ಟಿ ಬಂದರೆ ಏನಾಗುತ್ತದೆಂದು ನಿಮಗೆ ಹೇಳಬೇಕೇ? ಮೊದಲು ನೋಡುವುದು ಪಕ್ಕದ ಮನೆಯವನ ಹೆಸರನ್ನೇ. ಸಾರ್ವಜನಿಕ ಹಣದ ಲೆಕ್ಕ ಸಾರ್ವಜನಿಕರಿಗೆ ತಿಳಿಯಬೇಕು, ಸರಿ. ಆದರೆ ಅಸೂಯೆಗೆ ಕಾಣುವುದು ನೆರೆಯವನ ಎರಡು ಸಾವಿರ ಮಾತ್ರ. ನ್ಯಾಯದ ಕಣ್ಣಿಗೆ ಇಡೀ ಪಟ್ಟಿ ಕಾಣಬೇಕು. ಇಡೀ ಪಟ್ಟಿಯನ್ನು ಲೆಕ್ಕ ಹಾಕಿದ ಆ ಸಂಸ್ಥೆಗೆ ಕಂಡದ್ದು ಇದು: ಬೆಳೆ ಸಹಾಯದ ಮುಕ್ಕಾಲು ಭಾಗದಷ್ಟು ಹಣ ಸೇರಿದ್ದು ಪಡೆಯುವವರಲ್ಲಿ ಮೇಲಿನ ಹತ್ತನೆಯ ಒಂದು ಪಾಲಿನವರಿಗೆ.

ಒಬ್ಬ ವ್ಯಕ್ತಿ ವರ್ಷಕ್ಕೆ ಇಷ್ಟೇ ಪಡೆಯಬಹುದೆಂಬ ಮಿತಿ ಕಾಯಿದೆಯಲ್ಲಿದೆ. ಮುಖ್ಯ ಬೆಳೆಗಳ ಸಹಾಯಕ್ಕೆ ಆ ಮಿತಿ 1,25,000 ಡಾಲರ್ ಇತ್ತು. 2025ರ ಕಾಯಿದೆ ಅದನ್ನು 1,55,000ಕ್ಕೆ ಏರಿಸಿತು. ಪಾಲುದಾರಿಕೆ ಸಂಸ್ಥೆ ಮಾಡಿಕೊಂಡರೆ ಪ್ರತಿ ಪಾಲುದಾರನಿಗೂ ಒಂದೊಂದು ಮಿತಿ ಸಿಗುತ್ತದೆ. ಕಾನೂನಿನ ಅಕ್ಷರ ಉಳಿದು ಉದ್ದೇಶ ಜಾರಿಹೋಗುವ ದಾರಿ ಇದು.

ದೊಡ್ಡ ರೈತರ ಪರವಾಗಿಯೂ ಒಂದು ವಾದವಿದೆ, ಅದನ್ನು ಕೇಳಬೇಕು. ಹೆಚ್ಚು ಬೆಳೆಯುವವನೇ ದೇಶಕ್ಕೆ ಹೆಚ್ಚು ಅನ್ನ ಕೊಡುವವನು. ಬೆಲೆ ಬಿದ್ದಾಗ ಹೆಚ್ಚು ಕಳೆದುಕೊಳ್ಳುವವನೂ ಅವನೇ. ಆದ್ದರಿಂದ ಹೆಚ್ಚು ಪರಿಹಾರ ನ್ಯಾಯವೇ ಎಂಬುದು ಆ ವಾದ. ಇದನ್ನು ವಿಮೆ ಎಂದು ಕಂಡರೆ ಇದರಲ್ಲಿ ಸತ್ಯವಿದೆ. ಆದರೆ ವಿಮೆಯಲ್ಲಿ ಕಂತು ಕಟ್ಟುವವನು ತಾನೇ. ಬೇರೆಯವರ ತೆರಿಗೆಯಿಂದ ಬಂದ ಹಣದಲ್ಲಿ ದೊಡ್ಡ ಹಿಡುವಳಿದಾರ ಪಕ್ಕದ ಸಣ್ಣವನ ಹೊಲವನ್ನು ಕೊಂಡುಕೊಳ್ಳುವಂತಾದರೆ, ಆಗ ಒತ್ತಾಸೆಗೆಂದು ಬಂದ ಪಡೆ ಮುಂದಿನ ಸಾಲನ್ನೇ ತುಳಿದಂತಾಗುತ್ತದೆ. ಸಣ್ಣ ಮತ್ತು ಮಧ್ಯಮ ಗಾತ್ರದ ಕುಟುಂಬ ಬೇಸಾಯವನ್ನು ಉಳಿಸುವಂತೆ ಸಹಾಯವನ್ನು ರೂಪಿಸಬೇಕೆಂದು ಅಮೆರಿಕದ ಧರ್ಮಾಧ್ಯಕ್ಷರು 1986ರ ತಮ್ಮ ಆರ್ಥಿಕ ನ್ಯಾಯದ ಪತ್ರದಲ್ಲಿ ಕೇಳಿಕೊಂಡದ್ದು ಇದೇ ಕಾರಣಕ್ಕೆ.

ಯಾಜಕಕಾಂಡದ ಲೆಕ್ಕ

ಈಗ ಪವಿತ್ರ ಗ್ರಂಥವನ್ನು ತೆರೆಯೋಣ. ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಒಂದು ಕಟ್ಟಳೆಯಿದೆ. ಪೈರು ಕೊಯ್ಯುವಾಗ ಹೊಲದ ಅಂಚಿನವರೆಗೂ ಕೊಯ್ಯಬೇಡಿ, ಬಿದ್ದ ತೆನೆಯನ್ನು ಆಯಬೇಡಿ, ಅದು ಬಡವನಿಗೂ ಪರದೇಶಿಗೂ ಇರಲಿ ಎಂಬುದು ಅದರ ಸಾರ. ಮೋವಾಬಿನ ವಿಧವೆ ರೂತಳು ಅತ್ತೆ ನವೊಮಿಯನ್ನು ಸಾಕಿದ್ದು ಬೋವಜನ ಹೊಲದಲ್ಲಿ ಹೀಗೆ ಆಯ್ದ ತೆನೆಗಳಿಂದ.

ಈ ಕಟ್ಟಳೆಯ ಗಣಿತವನ್ನು ಗಮನಿಸಿ. ಹೊಲ ದೊಡ್ಡದಾದಷ್ಟೂ ಅದರ ಅಂಚು ಉದ್ದವಾಗುತ್ತದೆ. ಎಂದರೆ ಹೆಚ್ಚು ಭೂಮಿಯಿದ್ದವನು ಹೆಚ್ಚು ಬಿಟ್ಟುಕೊಡಬೇಕು. ಎಕರೆಯ ಲೆಕ್ಕದ ಸಹಾಯಧನದಲ್ಲಿ ಗಣಿತ ತಿರುಗುಮುರುಗಾಗಿದೆ: ಹೆಚ್ಚು ಭೂಮಿಯಿದ್ದವನು ಹೆಚ್ಚು ಪಡೆಯುತ್ತಾನೆ, ಭೂಮಿಯಿಲ್ಲದೆ ದುಡಿಯುವವನು ಏನನ್ನೂ ಪಡೆಯುವುದಿಲ್ಲ. ಯಾಜಕಕಾಂಡದಲ್ಲಿ ಭೂಮಿ ಒಂದು ಹೊಣೆ. ಇಲ್ಲಿ ಅದು ಒಂದು ಟಿಕೆಟ್ಟು.

ಹಳೆಯ ಒಡಂಬಡಿಕೆಯಲ್ಲೇ ಇನ್ನೊಂದು ಎಚ್ಚರಿಕೆಯಿದೆ. ಜೋಸೆಫನು ಬರಗಾಲಕ್ಕೆಂದು ಧಾನ್ಯ ಕೂಡಿಟ್ಟು ಈಜಿಪ್ಟನ್ನು ಉಳಿಸಿದ ಕಥೆ ನಮಗೆಲ್ಲ ಗೊತ್ತು. ಆದಿಕಾಂಡದ ನಲವತ್ತೇಳನೆಯ ಅಧ್ಯಾಯವನ್ನು ಪೂರ್ತಿ ಓದುವವರು ಕಡಿಮೆ. ಜನ ಮೊದಲು ಹಣ ಕೊಟ್ಟು ಧಾನ್ಯ ಪಡೆದರು, ಆಮೇಲೆ ದನಕರು ಕೊಟ್ಟರು, ಕೊನೆಗೆ ಹೊಲವನ್ನೂ ತಮ್ಮನ್ನೂ ಒಪ್ಪಿಸಿಬಿಟ್ಟರು. ಪ್ರಾಣ ಉಳಿಯಿತು, ಭೂಮಿ ಫರೋಹನದಾಯಿತು. ಅರಸನಿಂದ ಸಂಭಾವನೆ ಪಡೆಯುತ್ತಿದ್ದ ಪುರೋಹಿತರ ಭೂಮಿಯೊಂದು ಮಾತ್ರ ಅವರ ಕೈಯಲ್ಲೇ ಉಳಿಯಿತೆಂದು ಅಲ್ಲಿ ಬರೆದಿದೆ. ಗುರುಗಳಾದ ನಾವು ಆ ವಾಕ್ಯವನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಹಸಿದವನಿಗೆ ಅನ್ನ ಕೊಡುವ ವ್ಯವಸ್ಥೆ ಅವನ ಕಾಲ ಕೆಳಗಿನ ನೆಲವನ್ನೇ ಎಳೆದುಕೊಳ್ಳಬಹುದು ಎಂಬುದು ಇಲ್ಲಿನ ಪಾಠ.

ಇಂದಿನ ಅಮೆರಿಕದಲ್ಲಿ ಇದು ಸದ್ದಿಲ್ಲದೆ ನಡೆಯುತ್ತದೆ. ಅಲ್ಲಿನ ಬೇಸಾಯದ ಭೂಮಿಯಲ್ಲಿ ಸುಮಾರು ನೂರಕ್ಕೆ 40ರಷ್ಟು ಗುತ್ತಿಗೆಯದು. ಗುತ್ತಿಗೆದಾರನ ಕೈಗೆ ಸಹಾಯಧನ ಬರುತ್ತದೆಂದು ತಿಳಿದ ಒಡೆಯ ಮುಂದಿನ ವರ್ಷ ಗುತ್ತಿಗೆ ಏರಿಸುತ್ತಾನೆ. ಹಣದ ಒಂದು ಭಾಗ ಹೀಗೆ ಭೂಮಿಯ ಬೆಲೆಯಲ್ಲಿ ಕರಗಿಹೋಗುತ್ತದೆ. ಹೊಸದಾಗಿ ಬೇಸಾಯಕ್ಕೆ ಇಳಿಯುವ ಯುವಕನಿಗೆ ಭೂಮಿ ಇನ್ನಷ್ಟು ದುಬಾರಿಯಾಗುತ್ತದೆ.

ಹತ್ತಿರದವರ ಕೈ

ಹಾಗಾದರೆ ಹಂಚುವ ಅಧಿಕಾರವನ್ನು ದೂರದ ರಾಜಧಾನಿಯಿಂದ ತೆಗೆದು ಊರಿನವರಿಗೇ ಕೊಟ್ಟರೆ ಸರಿಹೋಗುವುದೇ? ಅಮೆರಿಕ ಅದನ್ನೂ ಮಾಡಿ ನೋಡಿದೆ. ಪ್ರತಿ ಕೌಂಟಿಯ ರೈತರು ತಮ್ಮವರನ್ನೇ ಆರಿಸಿ ಕಳಿಸುವ ಸಮಿತಿಗಳು 1930ರ ದಶಕದಿಂದ ಇಂದಿನವರೆಗೂ ಇವೆ. ಊರಿನ ಕಷ್ಟ ಊರಿನವರಿಗೇ ಗೊತ್ತು ಎಂಬ ಒಳ್ಳೆಯ ಆಲೋಚನೆ ಅದರ ಹಿಂದಿತ್ತು.

ಆದರೆ ದಕ್ಷಿಣದ ಅನೇಕ ಕೌಂಟಿಗಳಲ್ಲಿ ಆ ಸಮಿತಿಗಳಲ್ಲಿ ಕೂತವರು ಬಿಳಿಯ ಭೂಮಾಲೀಕರೇ. ಕರಿಯ ರೈತರ ಸಾಲದ ಅರ್ಜಿಗಳು ಬಿತ್ತನೆಯ ಕಾಲ ಮುಗಿಯುವವರೆಗೂ ಮೇಜಿನ ಮೇಲೆ ಕೂತಿರುತ್ತಿದ್ದವು ಎಂಬ ದೂರು ದಶಕಗಳ ಕಾಲ ಕೇಳಿಬಂತು. 1997ರಲ್ಲಿ ತಿಮೋಥಿ ಪಿಗ್‌ಫರ್ಡ್ ಎಂಬ ರೈತ ಮತ್ತು ಇತರರು ಕೃಷಿ ಇಲಾಖೆಯ ಮೇಲೆ ದಾವೆ ಹೂಡಿದರು. 1999ರ ರಾಜಿಯಂತೆ ಸುಮಾರು ನೂರು ಕೋಟಿ ಡಾಲರ್ ಪರಿಹಾರ ಸಂದಿತು. 2010ರಲ್ಲಿ ಇನ್ನೂ 125 ಕೋಟಿ ಡಾಲರಿಗೆ ಒಪ್ಪಿಗೆಯಾಯಿತು. ಆ ಹೊತ್ತಿಗೆ ಬಹಳ ತಡವಾಗಿತ್ತು. 1920ರಲ್ಲಿ ಸುಮಾರು 9,25,000 ಇದ್ದ ಕರಿಯ ರೈತರ ಸಂಖ್ಯೆ 2022ರ ಗಣತಿಯಲ್ಲಿ 50,000ಕ್ಕಿಂತ ಕಡಿಮೆ. ಇದಕ್ಕೆ ಬೇರೆ ಕಾರಣಗಳೂ ಇವೆ. ಮೇಜಿನ ಮೇಲೆ ಕೊಳೆತ ಅರ್ಜಿಗಳೂ ಒಂದು ಕಾರಣ.

ಹತ್ತಿರವಿದ್ದ ಮಾತ್ರಕ್ಕೆ ಕೈ ನ್ಯಾಯವಂತವಾಗುವುದಿಲ್ಲ. ನೆರೆಯವನನ್ನು ನೆರೆಯವನೆಂದು ಕಾಣದ ಕಣ್ಣಿಗೆ ಎಷ್ಟು ಹತ್ತಿರವಿದ್ದರೂ ಅವನು ಕಾಣುವುದಿಲ್ಲ. ಜೆರಿಕೋ ದಾರಿಯಲ್ಲಿ ಗಾಯಗೊಂಡು ಬಿದ್ದವನ ಹತ್ತಿರದಿಂದಲೇ ತಾನೇ ಯಾಜಕನೂ ಲೇವಿಯನೂ ಹಾದುಹೋದದ್ದು?

ನಮ್ಮ ಪಹಣಿ

ಇಲ್ಲಿಗೆ ಅಮೆರಿಕದ ಮಾತು ಸಾಕು. ಅದೇ ಪ್ರಶ್ನೆ ನಮ್ಮ ಹಳ್ಳಿಗಳಲ್ಲೂ ಕಾದು ಕೂತಿದೆ.

2019ರ ಫೆಬ್ರವರಿಯಲ್ಲಿ ಚಾಲನೆಗೊಂಡ ಪಿ.ಎಂ. ಕಿಸಾನ್ ಸಮ್ಮಾನ್ ನಿಧಿಯಿಂದ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ ಮೂರು ಕಂತುಗಳಲ್ಲಿ ಬರುತ್ತದೆ. ಇಲ್ಲಿ ಒಂದು ಒಳ್ಳೆಯ ಅಂಶವನ್ನು ಗುರುತಿಸಬೇಕು: ಅರ್ಧ ಎಕರೆಯವನಿಗೂ ಹತ್ತು ಎಕರೆಯವನಿಗೂ ಒಂದೇ ಮೊತ್ತ. ಹಣ ಎಕರೆಯ ಬೆನ್ನು ಹತ್ತುವುದಿಲ್ಲ. ಆದರೆ ಒಳಗೆ ಬರಲು ಬಾಗಿಲು ಒಂದೇ, ಅದು ಪಹಣಿ. ಭೂಮಿ ಹೆಸರಿನಲ್ಲಿದ್ದವರಿಗೆ ಮಾತ್ರ ಈ ಹಣ. ಗುತ್ತಿಗೆಗೆ, ಪಾಲಿಗೆ ಉಳುವವರಿಗೆ ಇಲ್ಲ. ಬೆಳೆ ಹಾಳಾದಾಗ ಬರುವ ಬರ ಪರಿಹಾರವೂ ಸಾಮಾನ್ಯವಾಗಿ ಪಹಣಿಯಲ್ಲಿ ಹೆಸರಿದ್ದವರ ಖಾತೆಗೇ ಹೋಗುತ್ತದೆ.

ಕರ್ನಾಟಕದಲ್ಲಿ ಇದಕ್ಕೊಂದು ವಿಶೇಷ ಹಿನ್ನೆಲೆಯಿದೆ. 1974ರ ಭೂ ಸುಧಾರಣೆ 'ಉಳುವವನೇ ಹೊಲದೊಡೆಯ' ಎಂದು ಸಾರಿ ಗೇಣಿ ಪದ್ಧತಿಯನ್ನು ರದ್ದು ಮಾಡಿತು. ನಮ್ಮ ಎಷ್ಟೋ ಕುಟುಂಬಗಳು ಅಂದು ಭೂಮಿಯ ಒಡೆಯರಾದವು. ಅದೊಂದು ದೊಡ್ಡ ನ್ಯಾಯ. ಆದರೆ ಗೇಣಿ ಕಾಗದದಲ್ಲಿ ಇಲ್ಲವಾಯಿತೇ ಹೊರತು ಊರಿನಲ್ಲಿ ಇಲ್ಲವಾಗಲಿಲ್ಲ. ಮಕ್ಕಳು ಬೆಂಗಳೂರಿಗೋ ಕೊಲ್ಲಿ ದೇಶಕ್ಕೋ ಹೋದ ಮನೆಯ ಹೊಲವನ್ನು ಇಂದು ಇನ್ನೊಬ್ಬರು ಬಾಯಿಮಾತಿನ ಗುತ್ತಿಗೆಯಲ್ಲಿ ಮಾಡುತ್ತಾರೆ. ಬರವಣಿಗೆ ಇರುವುದಿಲ್ಲ, ಏಕೆಂದರೆ ಬರೆದರೆ ಭೂಮಿ ಹೋದೀತೆಂಬ ಭಯ. ಬರವಣಿಗೆ ಇಲ್ಲದವನು ಸರ್ಕಾರದ ಕಣ್ಣಿಗೆ ರೈತನೇ ಅಲ್ಲ. ಬೀಜ ಗೊಬ್ಬರಕ್ಕೆ ಸಾಲ ಮಾಡಿದವನು ಅವನು, ಮಳೆ ಕೈಕೊಟ್ಟಾಗ ಕಳೆದುಕೊಂಡವನೂ ಅವನೇ. ಪರಿಹಾರದ ಸಂದೇಶ ಬರುವುದು ಮಾತ್ರ ಬೇರೊಬ್ಬರ ಮೊಬೈಲಿಗೆ.

ಕಾನೂನು ಬದಲಾಗಬೇಕು, ನಿಜವಾಗಿ ಉಳುವವನನ್ನು ಗುರುತಿಸುವ ದಾರಿ ಹುಡುಕಬೇಕು. ಅದು ಸರ್ಕಾರದ ಕೆಲಸ, ಅದಕ್ಕಾಗಿ ಒತ್ತಾಯಿಸುವುದು ನಮ್ಮ ಕೆಲಸ. ಆದರೆ ಕಾನೂನು ಬದಲಾಗುವವರೆಗೆ ಕಾಯಬೇಕಾಗಿಲ್ಲದ ಒಂದು ಕೆಲಸವೂ ಇದೆ.

ನಿಮ್ಮ ಹೊಲವನ್ನು ಬೇರೊಬ್ಬರು ಮಾಡುತ್ತಿದ್ದರೆ, ಬೆಳೆನಷ್ಟಕ್ಕೆಂದು ನಿಮ್ಮ ಖಾತೆಗೆ ಬಂದ ಹಣವನ್ನು ನಷ್ಟಪಟ್ಟವನ ಕೈಗೆ ಕೊಡಿ. ಇದನ್ನು ದಾನವೆಂದು ತಿಳಿಯಬೇಡಿ; ಬೆಳೆ ಅವನದಾದರೆ ಬೆಳೆಯ ಪರಿಹಾರವೂ ಅವನದೇ. ಮಳೆಯಿಲ್ಲದ ವರ್ಷ ಗುತ್ತಿಗೆಯಲ್ಲಿ ಇಂತಿಷ್ಟು ಬಿಡುವುದಾಗಿ ಮೊದಲೇ ಮಾತಾಡಿಕೊಳ್ಳಿ. ವರ್ಷದ 6,000ದ ವಿಷಯ ಸ್ವಲ್ಪ ಬೇರೆ. ಅದು ಕಾನೂನಿನಂತೆ ನಿಮಗೇ ಬಂದದ್ದು. ಆದರೂ ಪಟ್ಟಣದಲ್ಲಿ ಸಂಬಳ ಪಡೆಯುವವರ ಕೈಗೆ ಹೊಲದ ಹೆಸರಿನಲ್ಲಿ ಅದು ಬರುತ್ತಿದ್ದರೆ, ಆ ಹೊಲದಲ್ಲಿ ಬಗ್ಗಿ ನಿಂತವನಿಗೆ ಅದರಲ್ಲಿ ಏನೂ ಇಲ್ಲವೇ ಎಂದು ಗಂಡಹೆಂಡತಿ ಕೂತು ಮಾತಾಡಿಕೊಳ್ಳಿ. ನಮ್ಮ ಧರ್ಮಕೇಂದ್ರಗಳಿಗೂ ಸಂಸ್ಥೆಗಳಿಗೂ ಸೇರಿದ ಗದ್ದೆ ತೋಟಗಳನ್ನು ಯಾರು ಮಾಡುತ್ತಿದ್ದಾರೆ, ಯಾವ ಕರಾರಿನ ಮೇಲೆ ಮಾಡುತ್ತಿದ್ದಾರೆ ಎಂದು ಪಾಲನಾ ಸಮಿತಿಗಳೂ ಒಮ್ಮೆ ಲೆಕ್ಕ ತೆಗೆದು ನೋಡಲಿ. ಇತರರಿಗೆ ಹೇಳುವ ಮೊದಲು ನಮ್ಮ ಅಂಚನ್ನು ನಾವು ಅಳೆಯಬೇಕು.

ಟೈರೋಂಜಾದಲ್ಲಿ ಆ ಗೇಣಿ ರೈತರ ಸಂಘದ ನೆನಪಿಗೆ ಈಗ ಒಂದು ವಸ್ತು ಸಂಗ್ರಹಾಲಯವಿದೆ. ಅಂದು ಹೊಡೆಸಿಕೊಂಡವರ ಕಥೆಯನ್ನು ಇಂದು ಗೌರವದಿಂದ ಹೇಳುತ್ತಾರೆ. ನ್ಯಾಯ ಕೇಳಿದವರಿಗೆ ಅವರು ಬದುಕಿದ್ದಾಗಲೇ ಅದು ದೊರೆತಿದ್ದರೆ ಎಷ್ಟು ಚೆನ್ನಾಗಿತ್ತು. ನಮ್ಮ ಹೊಲದ ಅಂಚಿನಲ್ಲಿ ನಿಂತಿರುವವನು ಇನ್ನೂ ಬದುಕಿದ್ದಾನೆ, ಅವನ ಹೆಸರು ನಮಗೆ ಗೊತ್ತು. ಮುಂದಿನ ಕಂತು ಬಂದ ದಿನ ಅವನ ಮನೆಯವರೆಗೆ ಒಮ್ಮೆ ಹೋಗಿ ಬನ್ನಿ.